ಬಿಳಿಚೀಟಿಯ ಲೆಕ್ಕ ಕಲಿಸುವ ಗುರು ಯಾರು?

ಹೋದ ವರ್ಷ ಮುಂಗಾರಿನ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಪದವಿ ತರಗತಿಯಲ್ಲಿ ಮೂರು ವರ್ಷ ನನ್ನಲ್ಲಿ ಅರ್ಥಶಾಸ್ತ್ರ ಓದಿದವಳು. ಎಂ.ಎ.ಯಲ್ಲಿ ಕೃಷಿ ಅರ್ಥಶಾಸ್ತ್ರವನ್ನು ಆರಿಸಿಕೊಂಡು ಓದಿ ಈಗ ಪಿಎಚ್.ಡಿ.ಗೆ ಸೇರಿದ್ದಾಳೆ. ತಂದೆ ನಮ್ಮೂರ ಎಪಿಎಂಸಿ ಪ್ರಾಂಗಣದಲ್ಲಿ ಹಮಾಲಿ. ಮೆಕ್ಕೆಜೋಳದ ಚೀಲ ಹೊತ್ತು ಮೂವರು ಮಕ್ಕಳನ್ನು ಓದಿಸಿದ ಮನುಷ್ಯ. ಅವಳ ಕೈಯಲ್ಲಿ ಸೈಬರ್ ಅಂಗಡಿಯಲ್ಲಿ ತೆಗೆಸಿದ ಒಂದಷ್ಟು ಹಾಳೆಗಳಿದ್ದವು. ಕೃಷಿ ಅರ್ಥಶಾಸ್ತ್ರದಲ್ಲಿ ಆಗಷ್ಟೇ ಕಾಲಿಡುತ್ತಿರುವ ಯುವ ಸಂಶೋಧಕರಿಗೆ ಹಿರಿಯ ಅರ್ಥಶಾಸ್ತ್ರಜ್ಞರೊಬ್ಬರನ್ನು ಜೋಡಿಸಿಕೊಟ್ಟು, ಅವರ ಕೈಹಿಡಿದು ನಡೆಸುವ ಫೆಲೋಶಿಪ್‌ಗಳ ವಿವರ ಅವುಗಳಲ್ಲಿತ್ತು.

"ಇವೆಲ್ಲ ಆಫ್ರಿಕಾದವರಿಗೆ ಮಾತ್ರ ಸರ್, ನಾನು ಅರ್ಜಿ ಹಾಕೋ ಹಾಗಿಲ್ಲ. ನಮ್ಮಲ್ಲಿ ಇಂಥದ್ದು ಯಾಕಿಲ್ಲ?" ಎಂದು ಕೇಳಿದಳು.

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಹಾಳೆಗಳನ್ನು ಇಟ್ಟುಹೋಗೆಂದು ಹೇಳಿ, ಅವಳು ಹೋದ ಮೇಲೆ ಓದಿದೆ. ನೈರೋಬಿಯಿಂದ 2008ರಲ್ಲಿ ಆರಂಭವಾದ 'ಅವಾರ್ಡ್' ಎಂಬ ಕಾರ್ಯಕ್ರಮ ಆಫ್ರಿಕದ ಕೃಷಿ ಸಂಶೋಧನೆಯಲ್ಲಿರುವ ಮಹಿಳೆಯರಿಗಾಗಿ ಹುಟ್ಟಿದ್ದು. ಎರಡು ವರ್ಷದ ಫೆಲೋಶಿಪ್. ಒಬ್ಬ ಹಿರಿಯರು ಮಾರ್ಗದರ್ಶಕರಾಗಿರುತ್ತಾರೆ. ನನಗೆ ತುಂಬ ಹಿಡಿಸಿದ್ದು ಮುಂದಿನ ನಿಯಮ: ಫೆಲೋಶಿಪ್ ಪಡೆದವಳು ತನಗಿಂತ ಕಿರಿಯಳೊಬ್ಬಳಿಗೆ ತಾನೇ ಮಾರ್ಗದರ್ಶಕಿ ಆಗಬೇಕು. ಒಬ್ಬರಿಗೆ ಕೊಟ್ಟದ್ದು ಮೂವರಿಗೆ ದಕ್ಕುತ್ತದೆ. ಇನ್ನೊಂದು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯವು ಆಫ್ರಿಕದ ಸಂಸ್ಥೆಗಳ ಜೊತೆಗೂಡಿ ನಡೆಸಿದ 'ಸ್ಟಾರ್ಸ್' ಫೆಲೋಶಿಪ್. ಆಫ್ರಿಕದ ಯುವ ಅರ್ಥಶಾಸ್ತ್ರಜ್ಞರು ಅಲ್ಲಿನ ಹಿರಿಯರ ಜೊತೆ ಕೂತು ಒಂದು ಸಂಶೋಧನ ಪ್ರಬಂಧವನ್ನು ಪೂರ್ತಿಗೊಳಿಸುವುದು ಅದರ ಗುರಿ.

ಒಳ್ಳೆಯ ಕೆಲಸವೇ. ಹಾಗಾದರೆ ನಮ್ಮಲ್ಲೂ ಒಂದು ಆಗಲಿ ಎಂದುಬಿಟ್ಟರೆ ಈ ಲೇಖನ ಇಲ್ಲಿಗೇ ಮುಗಿಯುತ್ತದೆ. ಆದರೆ ಅವಳು ಎದ್ದು ಹೋಗುವಾಗ ಹೇಳಿದ ಇನ್ನೊಂದು ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅವಳು ಸಂಶೋಧನೆಗೆಂದು ಮೊದಲು ಆರಿಸಿಕೊಂಡದ್ದು ಮಾರುಕಟ್ಟೆ ಪ್ರಾಂಗಣದ 'ಸೂಟು' ಮತ್ತು 'ಬಿಳಿಚೀಟಿ'ಯನ್ನು. ರೈತರಿಗೆ ಇದನ್ನು ವಿವರಿಸಬೇಕಿಲ್ಲ, ಪೇಟೆಯ ಓದುಗರಿಗಾಗಿ ಹೇಳುತ್ತೇನೆ. ತೂಕ ಹಾಕುವಾಗ ತೇವ, ಕಸ, ಧೂಳು ಎಂದು ಚೀಲಕ್ಕಿಷ್ಟು ಕಡಿದುಕೊಳ್ಳುವುದು ಸೂಟು. ಅಧಿಕೃತ ರಸೀದಿ ಕೊಡದೆ ಬಿಳಿಯ ಕಾಗದದ ಚೂರಿನಲ್ಲಿ ಲೆಕ್ಕ ಗೀಚಿ, ಅದರಲ್ಲೇ ಕಮಿಷನ್ನನ್ನೂ ಮುರಿದುಕೊಂಡು ರೈತನನ್ನು ಸಾಗಹಾಕುವುದು ಬಿಳಿಚೀಟಿ. ಕರ್ನಾಟಕದ ಕಾನೂನಿನ ಪ್ರಕಾರ ರೈತನಿಂದ ಕಮಿಷನ್ ಕೀಳುವಂತಿಲ್ಲ, ಅದನ್ನು ಖರೀದಿದಾರ ಕೊಡಬೇಕು. ಆದ್ದರಿಂದಲೇ ಚೀಟಿ ಬಿಳಿ! ಈ ಎರಡನ್ನೂ ದಿನಾ ಕಣ್ಣಾರೆ ಕಾಣುವವನು ಹಮಾಲಿ. ಅವನ ಮಗಳಿಗೆ ಇದು ಗೊತ್ತಿರುವಷ್ಟು ಯಾವ ಪ್ರೊಫೆಸರಿಗೆ ಗೊತ್ತಿದ್ದೀತು?

ಆದರೆ ಅವಳ ಮಾರ್ಗದರ್ಶಕರು ಒಪ್ಪಲಿಲ್ಲವಂತೆ. "ಇದಕ್ಕೆ ಡೇಟಾ ಎಲ್ಲಿದೆ? ಹಮಾಲಿ ಕೃಷಿಕನಲ್ಲ, ಇದು ಕೃಷಿ ಅರ್ಥಶಾಸ್ತ್ರವೂ ಅಲ್ಲ. ಆನ್‌ಲೈನಿನಲ್ಲಿ ಹತ್ತು ವರ್ಷದ ಮೆಕ್ಕೆಜೋಳದ ಧಾರಣೆ ಸಿಗುತ್ತದೆ, ಅದನ್ನಿಟ್ಟುಕೊಂಡು ಬೆಲೆ ಏರಿಳಿತದ ಮೇಲೆ ಮಾಡು, ಎರಡು ವರ್ಷದಲ್ಲಿ ಮುಗಿಯುತ್ತೆ" ಎಂದರಂತೆ. ಅವರು ಕೆಟ್ಟವರಲ್ಲ. ಅವಳ ಪಿಎಚ್.ಡಿ. ಬೇಗ ಮುಗಿಯಲಿ ಎಂಬ ಕಾಳಜಿಯಿಂದಲೇ ಹೇಳಿದ್ದಾರೆ. ಅವರಿಗೂ ಅವರ ಗುರುಗಳು ಹಾಗೆಯೇ ಹೇಳಿದ್ದಿರಬೇಕು. ನಮ್ಮಲ್ಲಿ ಗುರುಗಳಿಗೆ ಕೊರತೆಯಿಲ್ಲ. ಆ ಗುರುಗಳು ಶಿಷ್ಯರ ಕಣ್ಣನ್ನು ಯಾವ ಕಡೆಗೆ ತಿರುಗಿಸುತ್ತಿದ್ದಾರೆ ಎಂಬುದನ್ನೇ ನಾನು ಈ ಲೇಖನದುದ್ದಕ್ಕೂ ಕೇಳಬೇಕಾಗಿದೆ.

ಮೊದಲೊಂದು ತಪ್ಪೊಪ್ಪಿಗೆ. ನಾನು ನಿವೃತ್ತನಾದ ಕಾಲೇಜಿನಲ್ಲಿ 'ಮೆಂಟರ್–ಮೆಂಟೀ' ಎಂಬ ದಪ್ಪ ದಪ್ಪ ಕಡತಗಳಿದ್ದವು. ನ್ಯಾಕ್ ತಂಡ ಬಂದಾಗ ತೋರಿಸಬೇಕಲ್ಲ! ಒಬ್ಬೊಬ್ಬ ಅಧ್ಯಾಪಕನಿಗೂ ಇಷ್ಟಿಷ್ಟು ಮಕ್ಕಳೆಂದು ಹಂಚಿಕೊಟ್ಟಿದ್ದರು. ಮಗುವಿನ ಸಮಸ್ಯೆ ಏನು, ಮಾರ್ಗದರ್ಶಕ ಕೊಟ್ಟ ಸಲಹೆ ಏನು, ಫಲಿತಾಂಶ ಏನು ಎಂದು ಕಾಲಂಗಳು. ತಂಡ ಬರುವ ಹಿಂದಿನ ರಾತ್ರಿ ಮೂರು ಬಣ್ಣದ ಪೆನ್ನುಗಳನ್ನು ಇಟ್ಟುಕೊಂಡು ಮೂರು ವರ್ಷದ ಸಲಹೆಗಳನ್ನು ಒಟ್ಟಿಗೆ ಬರೆದವರಲ್ಲಿ ನಾನೂ ಒಬ್ಬ. ಅದರಲ್ಲಿ ಈ ಹುಡುಗಿಯ ಹೆಸರೂ ಇತ್ತು. 'ಸಮಸ್ಯೆ: ಏನೂ ಇಲ್ಲ' ಎಂದು ನಾನೇ ಬರೆದಿದ್ದೆ. ಆ ವರ್ಷ ಅವಳ ತಂದೆ ಬೆನ್ನುನೋವಿನಿಂದ ನಾಲ್ಕು ತಿಂಗಳು ಕೆಲಸವಿಲ್ಲದೆ ಮಲಗಿದ್ದರೆಂದು ನನಗೆ ತಿಳಿದದ್ದು ಮೊನ್ನೆ.

ಹಾಗಾಗಿ ಫೆಲೋಶಿಪ್ ಎಂದಾಗ ನನಗೆ ಭಯವಾಗುವುದು ಈ ಕಡತವನ್ನು ನೆನೆದು. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಉದ್ಘಾಟನೆ, ಗಿಡಕ್ಕೆ ನೀರೆರೆಯುವ ಫೋಟೋ, ಮೂರು ದಿನದ ಕಾರ್ಯಾಗಾರ, ಪ್ರಮಾಣಪತ್ರ. ಇಷ್ಟಾದರೆ ಒಂದು ಯೋಜನೆ ಯಶಸ್ವಿಯಾಯಿತೆಂದು ವರದಿ ಬರೆಯುವ ಕಲೆ ನಮಗೆ ಕರಗತವಾಗಿದೆ. ಗರಡಿಮನೆಯಲ್ಲಿ ಉಸ್ತಾದ ತಾನು ಮಣ್ಣಿಗಿಳಿಯದೆ ದಂಡೆಯ ಮೇಲೆ ನಿಂತು ಪಟ್ಟು ಕಲಿಸಿದ್ದನ್ನು ನಾನು ಕಂಡಿಲ್ಲ.

ಕೃಷಿ ಅರ್ಥಶಾಸ್ತ್ರದಲ್ಲಿ ಮಣ್ಣಿಗಿಳಿದ ಗುರುಗಳು ಇರಲಿಲ್ಲವೆಂದಲ್ಲ. ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದ ಗಿಲ್ಬರ್ಟ್ ಸ್ಲೇಟರ್ ಎಂಬ ಇಂಗ್ಲಿಷ್ ಮೇಷ್ಟ್ರು 1916ರ ಸುಮಾರಿಗೆ ತನ್ನ ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನಾವಳಿ ಕೊಟ್ಟು, ರಜೆಯಲ್ಲಿ ನಿಮ್ಮ ನಿಮ್ಮ ಊರಿಗೆ ಹೋಗಿ ಬರೆದುಕೊಂಡು ಬನ್ನಿ ಎಂದು ಕಳಿಸಿದ. ಯಾರ ಬಳಿ ಎಷ್ಟು ಭೂಮಿ, ಯಾರಿಗೆ ಎಷ್ಟು ಸಾಲ, ಕೂಲಿ ಎಷ್ಟು, ಏನು ಉಣ್ಣುತ್ತಾರೆ? ಆ ಹುಡುಗರು ಬರೆದುತಂದ ಹಳ್ಳಿಗಳ ಚಿತ್ರ 1918ರಲ್ಲಿ ಪುಸ್ತಕವಾಯಿತು. ನಮ್ಮ ದಕ್ಷಿಣ ಕನ್ನಡವೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತೆಂಬುದು ನೆನಪಿರಲಿ. ಆ ಹಳ್ಳಿಗಳಲ್ಲಿ ಕೆಲವಕ್ಕೆ ಮುಂದಿನ ತಲೆಮಾರಿನ ಸಂಶೋಧಕರು ಮತ್ತೆ ಮತ್ತೆ ಹೋಗಿದ್ದಾರೆ. ತಮಿಳುನಾಡಿನ ಇರುವೇಲ್‌ಪಟ್ಟು ಎಂಬ ಹಳ್ಳಿಯ ಬಗ್ಗೆ ನೂರು ವರ್ಷದ ಕಥೆ ಇವತ್ತು ಅಂಕಿಅಂಶ ಸಮೇತ ಸಿಗುತ್ತದೆಂದರೆ, ಒಬ್ಬ ಮೇಷ್ಟ್ರು ಒಂದು ರಜೆಯಲ್ಲಿ ಹುಡುಗರನ್ನು ಲೈಬ್ರರಿಗೆ ಕಳಿಸದೆ ಊರಿಗೆ ಕಳಿಸಿದ್ದೇ ಕಾರಣ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ 1975ರಲ್ಲಿ ಮಹಬೂಬ್‌ನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳ ಆರು ಹಳ್ಳಿಗಳಲ್ಲಿ ಅಧ್ಯಯನ ಶುರುಮಾಡಿತು. ಅಲ್ಲಿಯ ಭಾಷೆ ಬಲ್ಲ, ಹಳ್ಳಿಯಲ್ಲೇ ಬೆಳೆದ ಯುವಕರನ್ನು ಆರಿಸಿ ಹಳ್ಳಿಯಲ್ಲೇ ಮನೆ ಮಾಡಿಕೊಟ್ಟು ಇರಿಸಿದರು. ಅವರು ಕೆಲವು ವಾರಗಳಿಗೊಮ್ಮೆ ಅದದೇ ಮನೆಗಳಿಗೆ ಹೋಗಿ ಕೂತು ಲೆಕ್ಕ ಬರೆದುಕೊಳ್ಳುತ್ತಿದ್ದರು, ವರ್ಷಗಟ್ಟಲೆ. ಹಳ್ಳಿಗೆ ನಲವತ್ತು ಮನೆ. ಅದರಲ್ಲಿ ಹತ್ತು ಮನೆ ಭೂಮಿಯಿಲ್ಲದ ಕೂಲಿಕಾರರದ್ದು. 'ಕೂಲಿಕಾರ ಕೃಷಿಕನಲ್ಲ' ಎಂದು ಅಲ್ಲಿ ಯಾರೂ ಅವರನ್ನು ಹೊರಗಿಡಲಿಲ್ಲ. ಈ ಲೆಕ್ಕದ ಆಧಾರದ ಮೇಲೆ ಅಮೆರಿಕದ ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ ಬರೆದ ಪ್ರಬಂಧವನ್ನು ಇವತ್ತಿಗೂ ಜಗತ್ತಿನಾದ್ಯಂತ ಪಾಠ ಮಾಡುತ್ತಾರೆ. ಬರ ಬಂದಾಗ ಹಳ್ಳಿಯ ಮನೆಗಳು ಒಂದನ್ನೊಂದು ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತವೆ ಎಂಬುದು ಅದರ ವಿಷಯ. ಖ್ಯಾತಿ ಪ್ರಬಂಧಕ್ಕೆ ಬಂತು. ಸೊಲ್ಲಾಪುರದ ಬಿಸಿಲಲ್ಲಿ ಜಗಲಿಯಿಂದ ಜಗಲಿಗೆ ನಡೆದವರ ಪಾಲಿಗೆ ಏನು ಬಂತೆಂದು ಯಾರೂ ಪಾಠ ಮಾಡುವುದಿಲ್ಲ.

ಇದೇ ಇಕ್ರಿಸ್ಯಾಟಿನಲ್ಲಿ ದುಡಿದ ಎನ್. ಎಸ್. ಜೋಧಾ ಎಂಬ ಅರ್ಥಶಾಸ್ತ್ರಜ್ಞರ ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಅವರು 1960ರ ದಶಕದ ನಡುವಿನಲ್ಲಿ ಅಧ್ಯಯನ ಮಾಡಿದ್ದ ರಾಜಸ್ಥಾನದ ಹಳ್ಳಿಗಳಿಗೆ 1980ರ ದಶಕದಲ್ಲಿ ಮತ್ತೆ ಹೋದರು. ಆದಾಯದ ಲೆಕ್ಕದಲ್ಲಿ ಕೆಲವು ಮನೆಗಳು ಮೊದಲಿಗಿಂತ ಬಡವಾಗಿದ್ದವು. ಆ ಮನೆಯವರನ್ನೇ ಕೇಳಿದರೆ, ಇಲ್ಲ, ನಮ್ಮ ಸ್ಥಿತಿ ಸುಧಾರಿಸಿದೆ ಎಂದರು. ಹೇಗೆ? ಈಗ ಒಡೆಯನ ಮನೆಯಲ್ಲಿ ಕಾಯಂ ಆಳಾಗಿಲ್ಲ, ಒಡೆಯನ ಜಾಗದಲ್ಲಿ ಮಲಗಬೇಕಿಲ್ಲ, ಬಿತ್ತನೆಗೆ ಅವನ ಬಾಗಿಲು ಕಾಯಬೇಕಿಲ್ಲ, ಕಾಲಿಗೆ ಚಪ್ಪಲಿ ಇದೆ. ಸ್ವಾತಂತ್ರ್ಯಕ್ಕೆ ಆದಾಯದ ಕಾಲಂ ಇರಲಿಲ್ಲ. 1988ರಲ್ಲಿ ಜೋಧಾ ಇದನ್ನು ಬರೆದಾಗ ಅರ್ಥಶಾಸ್ತ್ರಕ್ಕೆ ಒಂದು ಹೊಸ ಕಿಟಕಿ ತೆರೆಯಿತು. ಕೇಳುವ ವ್ಯವಧಾನ ಇದ್ದದ್ದರಿಂದ ತೆರೆಯಿತು.

ಈಗ ನಮ್ಮ ವಿಶ್ವವಿದ್ಯಾನಿಲಯಗಳ ಸಂಶೋಧನೆಗಳ ಕಡೆ ನೋಡೋಣ. ಒಳ್ಳೆಯವು ಇಲ್ಲವೆಂದಲ್ಲ. ಆದರೆ ನಾನು ತಿರುವಿಹಾಕಿದ ಹತ್ತಾರು ಮಹಾಪ್ರಬಂಧಗಳಿಗೆ ಒಂದೇ ಅಚ್ಚು. ಮೂರು ತಾಲ್ಲೂಕು, ತಾಲ್ಲೂಕಿಗೆ ನಾಲ್ಕು ಹಳ್ಳಿ, ಹಳ್ಳಿಗೆ ಹತ್ತು ರೈತರು, ಒಟ್ಟು ನೂರಿಪ್ಪತ್ತು. ರೈತನೆಂದರೆ ಪಹಣಿಯಲ್ಲಿ ಹೆಸರಿರುವ ಗಂಡಸು. ಅವನಿಗೆ ಪ್ರಶ್ನಾವಳಿ ಕೊಟ್ಟು ನಿಮ್ಮ ಸಮಸ್ಯೆಗಳನ್ನು ಕ್ರಮವಾಗಿ ಹೇಳಿ ಎಂದು ಕೇಳಿ, ಗ್ಯಾರೆಟ್ ಸೂತ್ರದಲ್ಲಿ ಹಾಕಿ ಅಂಕ ಕೊಡುವುದು. ಮೊದಲ ಸ್ಥಾನಕ್ಕೆ ಬರುವ ಸಮಸ್ಯೆ ಯಾವುದು? ಬಹುಪಾಲು ಪ್ರಬಂಧಗಳಲ್ಲಿ 'ಕೂಲಿಯಾಳುಗಳ ಅಭಾವ ಮತ್ತು ಕೂಲಿ ದರದ ಏರಿಕೆ'.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಊರಿನ ಅರ್ಧ ಜನಕ್ಕೆ ಕೂಲಿ ಏರುವುದೆಂದರೆ ಮನೆಯಲ್ಲಿ ಬೇಳೆ ಬೇಯುವುದು, ಮಗಳು ಕಾಲೇಜಿಗೆ ಹೋಗುವುದು. ಅದನ್ನು ನಮ್ಮ ಪುಸ್ತಕಗಳು 'ಕೃಷಿಯ ಸಮಸ್ಯೆ' ಎಂದು ದಾಖಲಿಸುತ್ತವೆ. ಪ್ರಶ್ನೆ ಕೇಳಿಸಿಕೊಂಡವರು ಆ ನೂರಿಪ್ಪತ್ತು ಜನ ಮಾತ್ರ. ಅವರ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರನ್ನು ಅದೇ ಸಂಶೋಧಕ ದಾರಿ ಕೇಳಿರಬಹುದು, ಅಭಿಪ್ರಾಯ ಕೇಳಲಿಲ್ಲ. ಸೂತ್ರದಲ್ಲಿ ತಪ್ಪಿಲ್ಲ. ಕೇಳಬೇಕಾದವರ ಪಟ್ಟಿ ತಪ್ಪು. ಈ ಪಟ್ಟಿಯನ್ನು ತಿದ್ದುವ ಕೆಲಸ ಮಾರ್ಗದರ್ಶಕನದಲ್ಲದೆ ಇನ್ನಾರದು?

ಇನ್ನೊಂದು ಉದಾಹರಣೆ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿ ಹೆಚ್ಚುಕಡಿಮೆ ನಿಷೇಧವಾಯಿತು. ಲಕ್ಷಾಂತರ ಗೇಣಿದಾರರು ಭೂಮಿಯ ಒಡೆಯರಾದರು. ಕರಾವಳಿಯ ಬಡ ಬ್ಯಾರಿ ಕುಟುಂಬಗಳಿಗೂ ಅದರ ಫಲ ಸಿಕ್ಕಿತು. ಅದು ದೊಡ್ಡ ಸಾಧನೆ. ಆದರೆ ಅರ್ಧ ಶತಮಾನದ ನಂತರ ಇವತ್ತು? ಬಡಗಣದಲ್ಲಿ ಲಾವಣಿ, ಪಾಲು. ಬಯಲುಸೀಮೆಯಲ್ಲಿ ಕೋರು, ವಾರ, ಗುತ್ತಿಗೆ. ಹೆಸರು ಬೇರೆ ಬೇರೆ, ಎಲ್ಲವೂ ಬಾಯಿಮಾತಿನಲ್ಲಿ. ಕಾಗದದ ಮೇಲೆ ಗೇಣಿದಾರನೇ ಇಲ್ಲ. ಆದ್ದರಿಂದ ಬೆಳೆಸಾಲ, ಬೆಳೆವಿಮೆ, ಬರಪರಿಹಾರ ಎಲ್ಲವೂ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತ ಪಹಣಿದಾರನಿಗೆ. ನಷ್ಟ ಉತ್ತವನಿಗೆ. ಅವನು ನೇಣು ಹಾಕಿಕೊಂಡರೆ ಹೆಂಡತಿ ಪರಿಹಾರಕ್ಕೆಂದು ಕಚೇರಿಗೆ ಅಲೆದು, ಗಂಡ ರೈತನೆಂದು ರುಜುವಾತು ಮಾಡಬೇಕು.

ಬೆಂಬಲ ಬೆಲೆಯ ಲೆಕ್ಕವೂ ಇಲ್ಲಿಗೇ ಬಂದು ತಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ವೆಚ್ಚದ ಒಂದೂವರೆ ಪಟ್ಟು ಬೆಲೆ ಕೊಡುವುದಾಗಿ ಹೇಳಿತು. ಯಾವ ವೆಚ್ಚ? ಕೈಯಿಂದ ಖರ್ಚಾದ ಹಣ ಮತ್ತು ಮನೆಯವರ ದುಡಿಮೆ ಸೇರಿದ್ದು ಮಾತ್ರ. ಸ್ವಂತ ಭೂಮಿಯ ಬಾಡಿಗೆ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಬೇಕೆಂದು ರೈತ ಸಂಘಟನೆಗಳು ಕೇಳುತ್ತಲೇ ಬಂದಿವೆ. ಈ ಜಗಳ ಎಲ್ಲರಿಗೂ ಗೊತ್ತು. ಯಾರೂ ಮಾತಾಡದಿರುವುದು ಬೇರೊಂದಿದೆ. ಕೊಟ್ಟ ಗೇಣಿ ಮೊದಲ ಲೆಕ್ಕದಲ್ಲೂ ಸೇರುತ್ತದೆ, ನಿಜ. ಆದರೆ ಗೇಣಿಯೇ ಇಲ್ಲವೆಂದು ಊರು ಊರೇ ಬಾಯಿ ಮುಚ್ಚಿಕೊಂಡ ಮೇಲೆ, ಬೆಳೆಯ ಅರ್ಧವನ್ನು ಒಡೆಯನಿಗೆ ಅಳೆದುಕೊಡುವವನ ವೆಚ್ಚ ರಾಜ್ಯದ ಸರಾಸರಿಯಲ್ಲಿ ಎಷ್ಟು ಕಂಡೀತು? ಹಾಲಿಗೆ ಹಿಂಡಿದ ಹುಣಿಸೆಯಂತೆ ಒಂದು ಹನಿಯೇ ಲೆಕ್ಕ ಕೆಡಿಸಬೇಕಿತ್ತು. ಇಲ್ಲಿ ಹನಿಯನ್ನೇ ಬೀಳಲು ಬಿಡುವುದಿಲ್ಲ. ಗುಟ್ಟಾಗಿ ಸಾಗುವ ಗೇಣಿಯನ್ನು ಬಾಯಿ ಬಿಡಿಸಬೇಕಾದರೆ ಒಂದು ಮಧ್ಯಾಹ್ನದ ಪ್ರಶ್ನಾವಳಿ ಸಾಲದು. ಆ ಊರಿನಲ್ಲಿ ಒಂದು ಬೆಳೆಯಷ್ಟು ಕಾಲ ಇರಬೇಕು.

ಕೆಲವರು ಇದ್ದೂ ತೋರಿಸಿದ್ದಾರೆ. ಬೆಂಗಳೂರಿನ ಫೌಂಡೇಶನ್ ಫಾರ್ ಅಗ್ರೇರಿಯನ್ ಸ್ಟಡೀಸ್ ಸಂಸ್ಥೆ 2009ರಲ್ಲಿ ಮಂಡ್ಯದ ಆಲಬುಜನಹಳ್ಳಿ, ಕೋಲಾರದ ಸಿರೇಸಂದ್ರ, ಕಲಬುರಗಿಯ ಝಾಪುರ ಎಂಬ ಮೂರು ಹಳ್ಳಿಗಳಲ್ಲಿ ಮನೆಮನೆಯ ಸಮೀಕ್ಷೆ ನಡೆಸಿತು. ಒಂದೂ ಮನೆ ಬಿಡದೆ, ಜಾತಿ ಬಿಡದೆ, ಕೂಲಿ ಬಿಡದೆ. ಆ ಮೂರು ಹಳ್ಳಿಗಳ ಪುಸ್ತಕ ಇಂಗ್ಲಿಷಿನಲ್ಲಿ ಬಂತು. ಆಲಬುಜನಹಳ್ಳಿಯ ಕೂಲಿಕಾರ ಹೆಣ್ಣುಮಗಳು ತನ್ನ ಊರಿನ ಬಗ್ಗೆ ಅಷ್ಟೊಂದು ಬರೆದಿದ್ದಾರೆಂದು ತಿಳಿದುಕೊಳ್ಳಬೇಕಾದರೆ ಅದು ಕನ್ನಡಕ್ಕೆ ಬರಬೇಕು.

ವಿರೋಧ ಬರುತ್ತದೆಂದು ನನಗೆ ಗೊತ್ತು. ಇದೇ ವಿಷಯವನ್ನು ಗೆಳೆಯರೊಬ್ಬರ ಮುಂದೆ ಹೇಳಿದೆ, ಅವರು ಅರ್ಥಶಾಸ್ತ್ರದ ಹಿರಿಯ ಪ್ರಾಧ್ಯಾಪಕರು. "ನೀವು ಭಾವುಕರಾಗಿ ಮಾತಾಡುತ್ತೀರಿ. ಸೂಟಿನ ಮೇಲೆ ಕನ್ನಡದಲ್ಲಿ ಬರೆದರೆ ಯಾವ ಸಂದರ್ಶನ ಸಮಿತಿ ಕೆಲಸ ಕೊಡುತ್ತದೆ? ಹಮಾಲಿಯ ಮಗಳಿಗೆ ಹಮಾಲಿಯ ಮೇಲೇ ಬರೆ ಎನ್ನುವುದು ಕ್ರೌರ್ಯ. ಅವಳು ಅಲ್ಲಿಂದ ಹೊರಗೆ ಬರಲೆಂದಲ್ಲವೇ ಓದಿದ್ದು?" ಎಂದರು. ಈ ಮಾತು ನನ್ನನ್ನು ಎರಡು ರಾತ್ರಿ ಕಾಡಿತು. ಅದರಲ್ಲಿ ಸತ್ಯವಿದೆ. ಗಣಿತ ಬೇಡ, ಇಂಗ್ಲಿಷ್ ಬೇಡ, ವಿದೇಶಿ ನಿಯತಕಾಲಿಕ ಬೇಡ ಎಂದು ನಾನು ಹೇಳುತ್ತಿಲ್ಲ. ಅವೆಲ್ಲ ಬೇಕು, ಇನ್ನೂ ಚೆನ್ನಾಗಿ ಬೇಕು. ಎಪಿಎಂಸಿಗಳನ್ನು ಆನ್‌ಲೈನಿನಲ್ಲಿ ಒಂದಾಗಿಸಿದ ಕರ್ನಾಟಕದ 2014ರ ಪ್ರಯೋಗದ ಮೇಲೆ ಅಮೆರಿಕದ ವಿದ್ವಾಂಸರು ಬರೆದು, ಕೆಲವು ಬೆಳೆಗಳ ಬೆಲೆ ಅಷ್ಟಿಷ್ಟು ಏರಿದ್ದನ್ನು ತೋರಿಸಿದರು. ಬಹಳ ಎಚ್ಚರದ ಲೆಕ್ಕ. ಆದರೆ ಕಂಪ್ಯೂಟರಿನಲ್ಲಿ ಟೆಂಡರ್ ಧಾರಣೆ ಏರಿದ ದಿನ ತಕ್ಕಡಿಯಲ್ಲಿ ಸೂಟು ಎಷ್ಟು ಹೋಯಿತು ಎಂಬ ಪ್ರಶ್ನೆ ಕಂಪ್ಯೂಟರಿನ ಮುಂದೆ ಕೂತವರಿಗೆ ಹೊಳೆಯುವಂಥದ್ದಲ್ಲ. ಅದು ಹೊಳೆಯುವುದು ಚೀಲ ಹೊತ್ತವನ ಮನೆಯಲ್ಲಿ. ಆ ಪ್ರಶ್ನೆಯನ್ನು ಈ ಗಣಿತಕ್ಕೆ ಜೋಡಿಸಬಲ್ಲ ಹುಡುಗಿ ಕಣ್ಣೆದುರಿಗಿದ್ದಾಗ, ಪ್ರಶ್ನೆಯನ್ನು ಮನೆಯಲ್ಲಿ ಬಿಟ್ಟು ಬಾ ಎನ್ನುವುದು ಕ್ರೌರ್ಯವಲ್ಲವೇ? ಕೆಲಸದ ಮಾತಿಗೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಖಾಲಿ ಹುದ್ದೆಗಳನ್ನು ಅತಿಥಿ ಉಪನ್ಯಾಸಕರಿಂದ ತುಂಬಿಸುವ ಸರ್ಕಾರ ಅದಕ್ಕೆ ಉತ್ತರ ಹೇಳಬೇಕು.

ಗುರುವಿಗೆ ಇನ್ನೊಂದು ಕೆಲಸವಿದೆ. ಶಿಷ್ಯನ ಬೆನ್ನಿಗೆ ನಿಲ್ಲುವುದು. 1960ರ ದಶಕದ ಕೊನೆಯಲ್ಲಿ ವಿ. ಎಂ. ದಾಂಡೇಕರ್, ಕೆ. ಎನ್. ರಾಜ್ ಅವರಂಥ ದೊಡ್ಡ ಅರ್ಥಶಾಸ್ತ್ರಜ್ಞರು ಈ ದೇಶದ ಜಾನುವಾರುಗಳ ಸಂಖ್ಯೆ, ಮುದಿ ದನಗಳ ಆರ್ಥಿಕತೆಯ ಬಗ್ಗೆ ಬಹಿರಂಗವಾಗಿ ವಾದ ಮಾಡಿದರು. ಯಾರೂ ಅವರ ಧರ್ಮ ವಿಚಾರಿಸಲಿಲ್ಲ. ಕರ್ನಾಟಕದಲ್ಲಿ 2021ರ ಆರಂಭದಿಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಇನ್ನಷ್ಟು ಬಿಗಿಯಾಗಿ ಜಾರಿಗೆ ಬಂತು. ಹಾಲು ಬತ್ತಿದ ಹಸುವನ್ನು ಮಾರಿ ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಕರಾವಿನ ಹಸು ತರುತ್ತಿದ್ದ ಹೆಣ್ಣುಮಗಳ ಲೆಕ್ಕ ಏನಾಯಿತು? ಇದು ಶುದ್ಧಾಂಗ ಕೃಷಿ ಅರ್ಥಶಾಸ್ತ್ರದ ಪ್ರಶ್ನೆ. ಹಾಲು ಹಾಕುವ ಗೌಡರ ಮನೆಯದೂ ಹೌದು, ಸಂತೆಯಲ್ಲಿ ದನ ಕೊಳ್ಳುವ ಸಾಬರ ಮನೆಯದೂ ಹೌದು. ಆದರೆ ಇಪ್ಪತ್ತೈದು ವರ್ಷದ ಸಂಶೋಧಕಿಯೊಬ್ಬಳು, ಅದರಲ್ಲೂ ಮುಸ್ಲಿಂ ಹೆಸರಿನವಳು, ಇಂದು ಇದನ್ನು ತನ್ನ ವಿಷಯವೆಂದು ಆರಿಸಿಕೊಂಡರೆ ಅವಳ ಗತಿ ಏನು? ಬೆನ್ನಿಗೆ ನಿಲ್ಲುವ ಹಿರಿಯರು ಎಷ್ಟು ಜನ ಇದ್ದಾರೆ?

2022ರ ಏಪ್ರಿಲ್ ನೆನಪಿಸಿಕೊಳ್ಳಿ. ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟದ್ದರ ಬೆನ್ನಲ್ಲೇ, ಮಾವಿನ ಸುಗ್ಗಿ ಶುರುವಾಗುವ ಹೊತ್ತಿಗೆ, ಮುಸ್ಲಿಂ ಹಣ್ಣಿನ ವ್ಯಾಪಾರಿಗಳನ್ನು ಬಹಿಷ್ಕರಿಸಿ ಎಂಬ ಕೂಗೆದ್ದಿತು. ಟಿವಿಯಲ್ಲಿ ಪರ, ವಿರೋಧ ಎರಡೂ ಇತ್ತು. ನಾನು ಆ ದಿನಗಳ ಪತ್ರಿಕೆಗಳಲ್ಲಿ ಹುಡುಕಿದ್ದು ಒಂದು ಸರಳ ಲೆಕ್ಕವನ್ನು. ಶ್ರೀನಿವಾಸಪುರದ ತೋಟದವನು ಹೂವು ಬಿಡುವ ಮೊದಲೇ ಯಾರಿಂದ ಮುಂಗಡ ತರುತ್ತಾನೆ? ಆ ವ್ಯಾಪಾರಿ ತೋಟಕ್ಕೆ ಬರದೇ ಹೋದರೆ ಬೆಲೆ ಎಷ್ಟು ಬೀಳುತ್ತದೆ? ಅವನ ಜಾಗಕ್ಕೆ ಬರುವವನು ಎಷ್ಟು ಬಡ್ಡಿ ಕೇಳುತ್ತಾನೆ? ಕೂಗು ಸಿಕ್ಕಿತು, ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ. ಆ ಲೆಕ್ಕ ಹೇಳಬಲ್ಲ ನಾಲ್ಕು ಯುವ ಅರ್ಥಶಾಸ್ತ್ರಜ್ಞರು ಕನ್ನಡದಲ್ಲಿ ಬರೆಯಬಲ್ಲವರಾಗಿದ್ದರೆ, ಮಾವು ಬೆಳೆದ ಒಕ್ಕಲಿಗನೂ ಮಾವು ಕೊಂಡ ಸಾಬನೂ ಒಂದೇ ಕಾಗದದ ಎರಡು ಮಗ್ಗುಲೆಂದು ತೋರಿಸಬಹುದಿತ್ತು.

ಈಗ ಹಣದ ಮಾತು. ಹಣವಿಲ್ಲದ ಮಾರ್ಗದರ್ಶನ ಬರಿಗೈ ಆಶೀರ್ವಾದ. ಸಾಚಾರ್ ಸಮಿತಿ 2006ರಲ್ಲಿ ಹೇಳಿದ್ದು: ದೇಶದ ಉನ್ನತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಐವತ್ತಕ್ಕೆ ಒಬ್ಬ ಮುಸ್ಲಿಂ. ಆ ನಂತರ 2009ರಲ್ಲಿ ಬಂದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅಲ್ಪಸಂಖ್ಯಾತ ಸಮುದಾಯಗಳ ಅನೇಕ ಮಕ್ಕಳನ್ನು ಪಿಎಚ್.ಡಿ.ವರೆಗೆ ತಂದು ನಿ��್ಲಿಸಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಬೇರೆ ಫೆಲೋಶಿಪ್‌ಗಳ ಜೊತೆ ಇದು ಒಂದರ ಮೇಲೊಂದು ಬೀಳುತ್ತದೆಂದು ಕಾರಣ ಹೇಳಿ ಅದನ್ನು ನಿಲ್ಲಿಸಿತು. ನನ್ನ ವಿದ್ಯಾರ್ಥಿನಿ ಬಾಗಿಲು ಮುಚ್ಚಿದ ಮೇಲೆ ಬಂದವಳು. ಅದು ಮತ್ತೆ ತೆರೆಯಬೇಕು. ಆದರೆ ನಾನು ಕೇಳುವ ಈ ಹೊಸ ಫೆಲೋಶಿಪ್‌ನಲ್ಲಿ ಮುಸ್ಲಿಮರಿಗೆಂದು ಪಾಲು ಬೇಡ. ಈ ಪತ್ರಿಕೆಯ ಕೆಲವು ಓದುಗರಿಗೆ ಇದು ಹಿಡಿಸಲಾರದು. ನಮ್ಮೂರ ಪ್ರಾಂಗಣದ ಹಮಾಲಿಗಳಲ್ಲಿ ಮಾದಿಗರಿದ್ದಾರೆ, ನಾಯಕರಿದ್ದಾರೆ, ನಮ್ಮವರಿದ್ದಾರೆ. ಚೀಲಕ್ಕೆ ಎಲ್ಲರ ಬೆನ್ನೂ ಒಂದೇ. ಅರ್ಧ ಸ್ಥಾನ ಭೂಮಿಯಿಲ್ಲದ, ಕೋರು ಮಾಡುವ, ಚೀಲ ಹೊರುವ, ಸಂತೆಯಲ್ಲಿ ಕೂರುವ ಮನೆಗಳ ಮಕ್ಕಳಿಗೆ ಎಂದು ಬರೆಯಿಸಿದರೆ ಸಾಕು, ನಮ್ಮ ಮಕ್ಕಳು ಆ ಬಾಗಿಲಿನಿಂದ ತಾವೇ ಬರುತ್ತಾರೆ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕು. ಊರೂರಲ್ಲಿ ಶಾದಿಮಹಲ್ ಏಳುತ್ತಿವೆ. ಸಮುದಾಯದ ಟ್ರಸ್ಟುಗಳು ಡಾಕ್ಟರು, ಇಂಜಿನಿಯರು ಆಗುವವರಿಗೆ ವೇದಿಕೆ ಕಟ್ಟಿ ಚೆಕ್ಕು ಕೊಡುತ್ತವೆ. ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಹುಡುಗಿ ಹೋದರೆ, "ಅದರಿಂದ ಏನಾಗ್ತದಮ್ಮ? ಬಿ.ಎಡ್. ಮಾಡು" ಎನ್ನುತ್ತಾರೆ. ರೇಷ್ಮೆ ನೂಲು ಬಿಚ್ಚುವವರು, ಹಣ್ಣಿನ ಮಂಡಿಯವರು, ದನದ ವ್ಯಾಪಾರದವರು ಎಂದು ಹಳ್ಳಿಯ ಆರ್ಥಿಕತೆಯಲ್ಲೇ ಬದುಕುವ ಸಮುದಾಯಕ್ಕೆ ಆ ಆರ್ಥಿಕತೆಯನ್ನು ಓದಿ ವಾದಿಸಬಲ್ಲ ಹತ್ತು ಜನ ಬೇಡವೆಂದು ಯಾರು ತೀರ್ಮಾನಿಸಿದರು?

ನನ್ನ ಬೇಡಿಕೆ ದೊಡ್ಡದಲ್ಲ. ರಾಜ್ಯ ಸರ್ಕಾರದ್ದೇ ಹಣ. ಅವಾರ್ಡ್‌ಗೆ ಶುರುವಿನಲ್ಲಿ ಹಣ ಕೊಟ್ಟವರಲ್ಲಿ ಅಮೆರಿಕದ ಯುಎಸ್ಏಡ್ ಕೂಡ ಇತ್ತು. ಆ ಸಂಸ್ಥೆಯನ್ನೇ 2025ರಲ್ಲಿ ಮುಚ್ಚಿದರು. ದಾನಿಯ ಮನೆಯಲ್ಲಿ ದೀಪ ಆರಿದರೆ ನಮ್ಮ ಮನೆ ಕತ್ತಲಾಗಬಾರದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಕಿರಿಯ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಬೇಡ. ಕೂಲಿಯ ಮನೆಯ ಮಗಳು ಒಂದು ವರ್ಷ ಹಳ್ಳಿಯಲ್ಲಿ ಇರಬೇಕಾದರೆ ಆ ಮನೆಗೆ ಬರುತ್ತಿದ್ದ ಒಂದು ಸಂಪಾದನೆ ನಿಂತಿರುತ್ತದೆ. ಒಬ್ಬೊಬ್ಬರಿಗೆ ಇಬ್ಬಿಬ್ಬರು ಗುರುಗಳು: ಒಬ್ಬರು ಲೆಕ್ಕ ಬಲ್ಲ ಅರ್ಥಶಾಸ್ತ್ರಜ್ಞರು, ಇನ್ನೊಬ್ಬರು ಆ ಕಸುಬಿನಲ್ಲೇ ನವೆದವರು. ಕೋರಿನ ರೈತನೋ, ಕಳೆ ಕೀಳುವ ಮೇಸ್ತ್ರಿಯಮ್ಮನೋ, ಹಮಾಲಿಯೋ. ಎರಡನೆಯ ಗುರುವಿಗೂ ಸಂಭಾವನೆ ಇರಬೇಕು, ಹಾರ ತುರಾಯಿ ಅಲ್ಲ. ಬರೆದದ್ದು ಇಂಗ್ಲಿಷಿನ ನಿಯತಕಾಲಿಕಕ್ಕೆ ಹೋಗುವ ಮೊದಲು ಕನ್ನಡದಲ್ಲಿ ಆ ಊರಿನ ಕಟ್ಟೆಯ ಮೇಲೆ ಓದಿ ಹೇಳಬೇಕು. ತಪ್ಪಿದ್ದರೆ ಊರವರು ಅಲ್ಲೇ ಹೇಳುತ್ತಾರೆ. ಅವರಷ್ಟು ನಿಷ್ಠುರ ವಿಮರ್ಶಕರು ಯಾವ ನಿಯತಕಾಲಿಕಕ್ಕೂ ಸಿಕ್ಕಲಾರರು.

ರೈತರ ಆತ್ಮಹತ್ಯೆಯ ಬಗ್ಗೆ 2002ರಲ್ಲಿ ವರದಿ ಕೊಟ್ಟ ವೀರೇಶ್ ಸಮಿತಿ ಸಾಲಕ್ಕಿಂತ ಕುಡಿತ, ಮನೆಜಗಳಗಳಿಗೆ ಹೆಚ್ಚು ಒತ್ತು ಕೊಟ್ಟಿತೆಂದು ರೈತ ಸಂಘಟನೆಗಳು ಸಿಟ್ಟಾಗಿದ್ದವು. ಆ ವರದಿಯನ್ನು ಅಚ್ಚಿಗೆ ಕಳಿಸುವ ಮುಂಚೆ ಸತ್ತವನ ಹೆಂಡತಿಯ ಮುಂದೆ ಕೂತು ಒಂದು ಸಲ ಓದಿದ್ದರೆ ಹೇಗಿರುತ್ತಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ.

ಮೊನ್ನೆ ಪ್ರಾಂಗಣದಲ್ಲಿ ಅವಳ ತಂದೆ ಸಿಕ್ಕಿದ್ದರು. "ಮೇಷ್ಟ್ರೇ, ಮಗಳು ಹುಚ್ಚಿ ಆಗ್ಯಾಳೆ. ಸಂಜೆ ಬಂದು ತಕ್ಕಡಿ ಹತ್ರ ನಿಂತ್ಕಂತಾಳೆ. ದಲಾಲ್ರು ನನ್ನ ಮುಖ ನೋಡ್ತಾರೆ. ನಾಳೆ ಕೆಲಸ ತಪ್ಪಿದ್ರೆ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ನಾನೇ ಹೇಳ್ಕೊಡ್ತೀನಿ, ಯಾವ ಚೀಲಕ್ಕೆ ಎಷ್ಟು ಹೋತು ಅಂತ" ಎಂದು ನಕ್ಕರು.

ವಿಶ್ವವಿದ್ಯಾನಿಲಯಕ್ಕಾಗಿ ಅವಳು ಆನ್‌ಲೈನ್ ಧಾರಣೆಯ ಮೇಲೆ ಬರೆಯುತ್ತಿದ್ದಾಳೆ. ಅದು ಮುಗಿಯುತ್ತದೆ, ಡಾಕ್ಟರೇಟೂ ಬರುತ್ತದೆ. ಇನ್ನೊಂದು ಬರವಣಿಗೆ ಇನ್ನೂರು ಪುಟದ ನೋಟುಪುಸ್ತಕದಲ್ಲಿ ನಡೆದಿದೆ: ತಾರೀಖು, ರೈತನ ಊರು, ಚೀಲ, ತೂಕ, ಸೂಟು, ಚೀಟಿ ಬಿಳಿಯದೋ ಅಲ್ಲವೋ. ಎರಡು ಪುಸ್ತಕ ತುಂಬಿವೆ. ಭಾನುವಾರ ನನ್ನ ಬಳಿ ತರುತ್ತಾಳೆ. ನಾನು ಪಠ್ಯಪುಸ್ತಕದ ಅರ್ಥಶಾಸ್ತ್ರದವನು, ಈ ಲೆಕ್ಕಕ್ಕೆ ಏನು ಮಾಡಬೇಕೆಂದು ನನಗೆ ತಿಳಿಯದು. ಕೂಡಿಸಿದ್ದು ಸರಿಯಿದೆಯೇ ನೋಡುತ್ತೇನೆ, ಕಾಗುಣಿತ ತಿದ್ದುತ್ತೇನೆ. ಈ ವಾರ ಮೂರನೆಯ ಪುಸ್ತಕಕ್ಕೆ ಸ್ಕೇಲು ಇಟ್ಟು ಗೆರೆ ಎಳೆದುಕೊಟ್ಟೆ. ಅವಳ ತಂದೆ ಹೇಳಿದರೆಂದು ಹಮಾಲಿಯ ಕೂಲಿಗೂ ಒಂದು ಕಾಲಂ ಸೇರಿಸಿದ್ದೇವೆ.